ಚೆಸ್‌ನಲ್ಲಿ ಬಿ6, ಜಿ6 ಎರಡೂ ಮನೆಗೆ ಸಿಪಾಯಿ ಇಟ್ಟು ಕೂತವರ ಎದುರು ಏನು ಆಡ್ತೀರಿ? ಅನುಭವ ಇದ್ದವರು ಹೇಳಿ

ಹಾಸನದ ಹೊಸಬ: ಭಾನುವಾರ 15+10 (ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ) ರ‍್ಯಾಪಿಡ್ ಆಡುತ್ತೇನೆ. ಬಿಳಿ ಕಾಯಿ ಸಿಕ್ಕರೆ ಮೊದಲ ನಡೆ ಇ4, ರಾಜನ ಮುಂದಿನ ಸಿಪಾಯಿ ಎರಡು ಮನೆ. ಒಬ್ಬ ಹಿರಿಯರು ನನ್ನೆದುರು ಪ್ರತಿ ಸಲ ಡಬಲ್ ಫಿಯಾನ್ಕೆಟೊ ಇಡುತ್ತಾರೆ, ಅಂದರೆ ಬಿ6, ಜಿ6 ಸಿಪಾಯಿಗಳ ಹಿಂದೆ ಬಿ7, ಜಿ7ರಲ್ಲಿ ಎರಡೂ ಒಂಟೆ (ಬಿಷಪ್). ಬೋರ್ಡಿನ ಮಧ್ಯ ಪೂರ್ತಿ ನನಗೇ ಬಿಟ್ಟುಕೊಡುತ್ತಾರೆ, ಇಪ್ಪತ್ತನೇ ನಡೆ ಹೊತ್ತಿಗೆ ಅದೇ ಮಧ್ಯ ಕುಸಿದಿರುತ್ತದೆ. ನಾಲ್ಕು ಸಲ ಸೋತೆ. ಏನು ಮಾಡಲಿ?

ದಾವಣಗೆರೆ ಇ4: ಇದರ ಗಾಯ ನನಗಿನ್ನೂ ಆರಿಲ್ಲ. ಹೋದ ವರ್ಷ ಹುಬ್ಬಳ್ಳಿಯಲ್ಲಿ ರೇಟಿಂಗ್ ಟೂರ್ನಿ. ಎಂಟ್ರಿ 1,800, ರೂಮು ಮೂರು ರಾತ್ರಿಗೆ 2,700, ಊಟ ಬಸ್ಸು ಸೇರಿ 1,400. ಒಟ್ಟು 5,900. ನನ್ನ ರೇಟಿಂಗ್ 1612, ಎದುರು ಕೂತವನದು 1478. ಒಂಬತ್ತನೇ ನಡೆಗೆ ಇ5 ತಳ್ಳಿದೆ. ಜಿ7 ಒಂಟೆಯ ದಾರಿ ಮುಚ್ಚಿತು ಅಂತ ಖುಷಿ. ಬಿ7 ಒಂಟೆಗೆ ಬಾಗಿಲು ತೆಗೆದುಕೊಟ್ಟೆ ಅಂತ ಹೊಳೆಯಲೇ ಇಲ್ಲ. ಎಫ್3ರ ಕುದುರೆ ಎತ್ತಿ ಜಿ5ಕ್ಕೆ ಇಟ್ಟೆ, ಗಡಿಯಾರ ಒತ್ತಿದೆ. ಆಗ ಕಂಡಿತು. ಅವನು ಒಂಟೆಯನ್ನು ಬೆರಳ ತುದಿಯಲ್ಲಿ ಜಾರಿಸಿಕೊಂಡು ಬಂದು ಜಿ2 ಸಿಪಾಯಿ ತಿಂದ. ಎಚ್1ರ ಆನೆಗೆ ಓಡಲು ಜಾಗ ಇತ್ತು, ನನ್ನ ಆಟಕ್ಕೆ ಇರಲಿಲ್ಲ. ಕೆ 20 (ರೇಟಿಂಗ್ ಎಷ್ಟು ಏರಿಳಿಯಬೇಕು ಅನ್ನುವ ಗುಣಕ) ಲೆಕ್ಕದಲ್ಲಿ ಆ ಒಂದೇ ಆಟಕ್ಕೆ 13.6 ಪಾಯಿಂಟ್ ಹೋಯಿತು.

ಆಮೇಲಿಂದ ನನ್ನದು ಒಂದೇ ದಾರಿ. ಒಂಟೆ ಇ3, ಮಂತ್ರಿ ಡಿ2, ಮುಂದೆ ಒಂಟೆ ಎಚ್6. ಜಿ7 ಒಂಟೆಯನ್ನು ಬದಲಿಸಿ ಹೊರಗೆ ಹಾಕಿ. ಅದು ಹೋದರೆ ಎಫ್6, ಎಚ್6 ಮನೆಗಳು ತೂತು. ಅವರು ಮೊದಲೇ ಎಚ್6 ತಳ್ಳಿದರೆ ಇನ್ನೂ ಒಳ್ಳೆಯದು. ಅವರು ಆ ಕಡೆ ಕ್ಯಾಸಲ್ ಮಾಡಿದ (ರಾಜನನ್ನು ಆನೆಯ ಕಡೆ ಎರಡು ಮನೆ ಸರಿಸಿ, ಆನೆಯನ್ನು ಆಚೆ ಬದಿಗೆ ಇಟ್ಟ) ಕೂಡಲೇ ಆ ಸಿಪಾಯಿ ನಿಮ್ಮದು. ಅಡಗಿ ಕೂತು ಆಡುವವರನ್ನು ಹೀಗೇ ಎಬ್ಬಿಸಬೇಕು.

ಮೈಸೂರಿನ ಅಮ್ಮ: ಇದೇ ಒಂಟೆ ಎಚ್6, ಆಮೇಲೆ ಎಚ್4, ಎಚ್5 ಅಂತ ನನ್ನ ಮಗಳಿಗೂ ಹೇಳಿಕೊಟ್ಟರು. ಗಂಟೆಗೆ 600, ಎಂಟು ಕ್ಲಾಸು, 4,800 ರೂಪಾಯಿ. ಅಂಡರ್-11ನಲ್ಲಿ ಮಂತ್ರಿ ಕಡೆಗೆ ಕ್ಯಾಸಲ್ ಮಾಡಿ ದಾಳಿಗೆ ಹೋದಳು. ಎದುರಿನ ಹುಡುಗ ಎ ಸಿಪಾಯಿಯನ್ನು ಎ3ರ ತನಕ ತಂದ. ಡಿ4 ಸಿಪಾಯಿ ಆಗಲೇ ಬದಲಾಗಿ ಹೋಗಿತ್ತು. ಬಿ2 ಒಡೆಯಿತು, ಜಿ7ರ ಬಿಷಪ್ ನೇರ ರಾಜನ ಮೇಲೆ. ಮಗು ಕಾರಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಮಾತಾಡಲಿಲ್ಲ.

ಈಗ ಅವಳು ರಾಜನ ಕಡೆಗೇ ಕ್ಯಾಸಲ್ ಮಾಡುತ್ತಾಳೆ. ಸಿ3 ಇಟ್ಟು ಡಿ4 ಗಟ್ಟಿ ಮಾಡುತ್ತಾಳೆ, ಆಮೇಲೆ ಎ4, ಎ5. ಬಿ6 ಅಲುಗಾಡಲೇಬೇಕು. ಅವರೇ ಎ5 ಆಡಿ ತಡೆದರೆ ಬಿ5 ಮನೆ ನಮ್ಮದು. ಹಾಸನದವರೇ, ನಿಧಾನವಾಗಿ ಆಡಿ.

ದಾವಣಗೆರೆ ಇ4: ಮೇಡಂ, ಸಿ3 ಇಟ್ಟರೆ ಬಿ1 ಕುದುರೆ ಎಲ್ಲಿಗೆ ಹೋಗಬೇಕು? ಡಿ2ಕ್ಕೆ ಬಂದು ಸ್ವಂತ ಒಂಟೆಯ ದಾರಿ ಕಟ್ಟಬೇಕಾ?

ಮೈಸೂರಿನ ಅಮ್ಮ: ಎರಡು ನಡೆ ಕಾದರೆ ದಾರಿ ಬಿಡುತ್ತದೆ ಸರ್. ಒಂಬತ್ತನೇ ನಡೆಗೆ ಇ5 ತಳ್ಳಿದವರು ನೀವು.

ಕಾರವಾರ ಕಪ್ಪು ಕಾಯಿ: 'ಅಡಗಿ ಕೂತು' ಅಂದದ್ದು ಸರಿಯಲ್ಲ. ನಾನು ಹನ್ನೊಂದು ವರ್ಷದಿಂದ ಬಿ6, ಜಿ6 ಆಡುತ್ತಿದ್ದೇನೆ. 1966ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸವಾಲು ಹಾಕಿದ ಸ್ಪಾಸ್ಕಿ ಚಾಂಪಿಯನ್ ಪೆಟ್ರೋಸಿಯನ್ ಎದುರು 12 ಮತ್ತು 16ನೇ ಆಟದಲ್ಲಿ ಇದನ್ನೇ ಇಟ್ಟರು. ಎರಡೂ ಡ್ರಾ. ಅವರೂ ಹೆದರಿ ಕೂತಿದ್ದರಾ?

ನನಗೆ ಕಷ್ಟ ಕೊಡುವವರು ಯಾರು ಅಂತ ಹೇಳುತ್ತೇನೆ. ಇ4, ಡಿ4 ಎರಡನ್ನೂ ಮುಟ್ಟದೆ ಇಟ್ಟುಕೊಂಡು, ಆನೆಗಳನ್ನು ಇ1, ಡಿ1ಕ್ಕೆ ತಂದು ಸುಮ್ನೆ ಕಾಯುವವರು. ನಾನು ಸಿ5 ಅಥವಾ ಇ5 ಆಡಲೇಬೇಕಾಗುತ್ತದೆ, ಆಗ ಅವರ ಕಾಯಿಗಳೆಲ್ಲ ಸಿದ್ಧ. ಸಿಪಾಯಿ ಮುಂದೆ ತಳ್ಳುವವರ ಹತ್ತಿರ ನಾನು ಪಾಯಿಂಟ್ ತಗೊಂಡು ಮನೆಗೆ ಹೋಗುತ್ತೇನೆ.

ಬೆಂಗಳೂರು ಬಸವನಗುಡಿ: ನನ್ನ ತೊಂದರೆ ತಿರುಗುಮುರುಗು. ನಾನು ಕಪ್ಪು, ಬಿಳಿಯವರು ಬಿ3, ಜಿ3 ಇಡುತ್ತಾರೆ. ಎರಡು ವರ್ಷ ಮಧ್ಯಕ್ಕೆ ನುಗ್ಗಿ ನುಗ್ಗಿ ಸೋತೆ. ಆಮೇಲೆ 1924ರ ನ್ಯೂಯಾರ್ಕ್ ಟೂರ್ನಿಯ ಆಟಗಳನ್ನು ಬೋರ್ಡಿನ ಮೇಲೆ ಇಟ್ಟು ನೋಡಿದೆ. ರೆಟಿ ಈ ಎರಡು ಒಂಟೆಗಳಿಂದಲೇ ಆಗಿನ ವಿಶ್ವ ಚಾಂಪಿಯನ್ ಕಪಬ್ಲಾಂಕಾ ಅವರನ್ನು ಸೋಲಿಸಿದರು. ಎಂಟು ವರ್ಷ ಸೋಲೇ ಕಾಣದವರು ಕಪಬ್ಲಾಂಕಾ! ಅದೇ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಲಾಸ್ಕರ್ ಎದುರು ರೆಟಿ ಮತ್ತೆ ಅದನ್ನೇ ಆಡಿದರು, ಮಂತ್ರಿಯನ್ನು ಎ1 ಮೂಲೆಗೆ, ಬಿ2 ಒಂಟೆಯ ಹಿಂದೆ ತಂದಿಟ್ಟರು. ಲಾಸ್ಕರ್‌ಗೆ ಆಗ 55 ವಯಸ್ಸು. ಡಿ5, ಸಿ6 ಕಟ್ಟಿ ಜಿ2 ಒಂಟೆಗೆ ಗೋಡೆ ಹಾಕಿದರು, ತಮ್ಮ ಒಂಟೆಯನ್ನು ಎಫ್5ಕ್ಕೆ ಮೊದಲೇ ಹೊರತಂದರು. ಆಟವನ್ನೂ ಗೆದ್ದರು, ಟೂರ್ನಿಯನ್ನೂ ಗೆದ್ದರು. ನಾನು ಈಗ ಅದನ್ನೇ ಆಡುತ್ತೇನೆ. ಬೇಗ ಸೋಲುವುದು ನಿಂತಿದೆ.

ದಾವಣಗೆರೆ ಇ4: ಸ್ವಾಮಿ, ಕೇಳಿದವರ ಕೈಯಲ್ಲಿ ಇರುವುದು ಬಿಳಿ ಕಾಯಿ.

ಬೆಂಗಳೂರು ಬಸವನಗುಡಿ: ಒಂಟೆಯ ಎದುರು ಗಟ್ಟಿ ಸಿಪಾಯಿ ಸಾಲು ಇಡಬೇಕು ಅನ್ನುವುದು ಎರಡೂ ಬಣ್ಣಕ್ಕೆ ಒಂದೇ. ಅಮ್ಮ ಸಿ3 ಅಂದದ್ದೂ ಅದೇ ತಾನೇ? ನೀವು ಓದದೆ ಜಗಳಕ್ಕೆ ಬರುತ್ತೀರಿ.

ಹಾಸನದ ಹೊಸಬ: ನನ್ನ ನಾಲ್ಕು ಆಟದಲ್ಲಿ ಮೂರರಲ್ಲಿ ಇ5 ನಾನೇ ತಳ್ಳಿದ್ದೇನೆ. ಈಗ ಸ್ಕೋರ್‌ಶೀಟ್ ತೆಗೆದು ನೋಡಿದೆ.

ಕಾರವಾರ ಕಪ್ಪು ಕಾಯಿ: ನೋಡಿದ್ರಾ? ಅಂದಹಾಗೆ, ಅಮ್ಮ, ಮಗಳಿಗೆ ಬಿಷಪ್ ಅಂತ ಯಾಕೆ ಕಲಿಸುತ್ತೀರಿ? ಒಂಟೆ ಅನ್ನಿ.

ಮೈಸೂರಿನ ಅಮ್ಮ: ಸ್ಕೋರ್‌ಶೀಟಿನಲ್ಲಿ ಅವಳು ಬರೆಯುವುದು ಬಿ. ಅಕ್ಷರ ಒಂದು, ಹೆಸರು ಇನ್ನೊಂದು ಆದರೆ ಮಗು ತಡವರಿಸುತ್ತಾಳೆ. ಇದು ನಮ್ಮ ಮನೆಯ ವಿಷಯ.

ಕಾರವಾರ ಕಪ್ಪು ಕಾಯಿ: ನಾನೂ ಬಿ ಅಂತಲೇ ಬರೆಯುತ್ತೇನೆ. ಬಾಯಲ್ಲಿ ಒಂಟೆ. ನಮ್ಮಜ್ಜ ಜಗಲಿಯಲ್ಲಿ ಕೂತು ಹಾಗೇ ಹೇಳಿಕೊಟ್ಟದ್ದು, ನಾನು ಬದಲಿಸುವುದಿಲ್ಲ.