ನಡೆಯುತ್ತಾ ಲೆಕ್ಕ: ಮಧುಮೇಹಿ ಹಿರಿಯರಿಗೆ ಹೇಗೆ ಮಾಡಿಸುವುದು?

ಪ್ರಶ್ನೆ: ಮಧುಮೇಹದಿಂದ ಪಾದ ಜೋಮು ಹಿಡಿದ ಹಿರಿಯರು ಮಾತಾಡಿಸಿದರೆ ನಡಿಗೆ ನಿಲ್ಲಿಸಿಬಿಡುತ್ತಾರೆ. ಮೊಬೈಲಿನ ಮೆದುಳಿನ ಆಟಗಳು ಸಾಕೇ?

ಉತ್ತರ 1: ಕೂತು ಆಡುವ ಆಟವಷ್ಟೇ ಸಾಲದು; ನಡೆಯುತ್ತಲೇ ಮಾತು, ಲೆಕ್ಕ ಮಾಡುವ ಅಭ್ಯಾಸ ಬೇಕು. ಸ್ಪರ್ಶ ಮಂದವಾದಾಗ ಪ್ರತಿ ಹೆಜ್ಜೆಗೂ ಗಮನ ಬೇಕು. ಮಾತು ಅದನ್ನೇ ಕಸಿಯುತ್ತದೆ. ಮೊದಲು ಅಳೆಯಿರಿ: ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ. ಆಮೇಲೆ 100ರಿಂದ ಮೂರು ಮೂರು ಕಳೆಯುತ್ತಾ ಅದನ್ನೇ ಮಾಡಿಸಿ, ಸಮಯದ ವ್ಯತ್ಯಾಸ ಬರೆದಿಡಿ.

ಉತ್ತರ 2: ಅಭ್ಯಾಸಕ್ಕೆ ಆ ಕಳೆಯುವ ಲೆಕ್ಕ ಬೇಡ, ದಯವಿಟ್ಟು! ತರಕಾರಿ ಹೆಸರು ಹೇಳಿಸಿ, ಸಾಕು. ಗೋಡೆ ಪಕ್ಕ, ಶೂ ಹಾಕಿ, ಒಬ್ಬರು ಜೊತೆಗಿರಲಿ. ತಿರುಗುವಾಗ ಮಾತು ನಿಲ್ಲಿಸಿ.

ಉತ್ತರ 3: ಇನ್ಸುಲಿನ್ ತಗೊಳ್ಳುವವರಾದರೆ ಮೊದಲು ಸಕ್ಕರೆ ನೋಡಿ. 70 mg/dLಗಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ.