ಸೂಚನಾ ಫಲಕ ತೆಗೆದ ವಿಶ್ವವಿದ್ಯಾಲಯ: ಜಾಲತಾಣವೊಂದೇ ಸಾಕೇ?

ಡೊಂಬಿವಲಿ ಪಾಲಕ:
ನನ್ನ ಮಗ ಓದುತ್ತಿರುವುದು ಮುಂಬಯಿಯ ಒಂದು ಸಣ್ಣ ಸರಕಾರಿ ವಿಶ್ವವಿದ್ಯಾಲಯದಲ್ಲಿ. ಹೆಸರು ಬೇಡ, ಇಲ್ಲಿ ಮಕ್ಕಳನ್ನು ಅಲ್ಲಿಗೆ ಕಳಿಸುವವರಿಗೆ ಗೊತ್ತಾಗುತ್ತದೆ. ಕಳೆದ ವಾರ ಅಲ್ಲಿನ ಕುಲಸಚಿವರ ಕಚೇರಿಯಿಂದ ಒಂದು ಪರಿಪತ್ರ ಹೊರಟಿದೆ. ಈ ಸೆಮಿಸ್ಟರಿನಿಂದ ಆಡಳಿತದ ಎಲ್ಲ ಸೂಚನೆಗಳು ಜಾಲತಾಣದಲ್ಲಿ ಮಾತ್ರ ಪ್ರಕಟವಾಗುತ್ತವೆ, ವಿಭಾಗಗಳ ಫಲಕದಲ್ಲಿ ಕಾಗದ ಅಂಟಿಸುವುದು ನಿಲ್ಲುತ್ತದೆ, ಬೋನಾಫೈಡ್, ಟ್ರಾನ್ಸ್‌ಕ್ರಿಪ್ಟ್ ಮತ್ತು ಮೈಗ್ರೇಶನ್ ಪ್ರಮಾಣಪತ್ರಗಳಿಗಾಗಿ ಇದ್ದ ಕೌಂಟರು ಮುಚ್ಚುತ್ತದೆ ಎಂಬುದು ಅದರ ಸಾರ. ಜಾಲತಾಣ ಬೇಡವೆಂದು ನಾನು ಹೇಳುತ್ತಿಲ್ಲ. ಇರುವ ಒಂದು ದಾರಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು ಸುಧಾರಣೆಯಲ್ಲ ಎನ್ನುವುದಷ್ಟೇ ನನ್ನ ಮಾತು. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆ ತನ್ನ ವಿದ್ಯಾರ್ಥಿಗಳನ್ನು ತಲುಪುವ ಹೊಣೆಯನ್ನು ತಾನೇ ಹೊರಬೇಕು, ವಿದ್ಯಾರ್ಥಿಗಳ ತಲೆಗೆ ಕಟ್ಟಬಾರದು.

ನಿವೃತ್ತ ಅಧೀಕ್ಷಕ, ಪುಣೆ:
ಪಾಲಕರು "ಇರುವ ದಾರಿ" ಎಂದಿದ್ದಾರೆ. ಆ ದಾರಿ ಹೇಗಿತ್ತೆಂದು ಒಳಗೆ ಕೆಲಸ ಮಾಡಿದ ನನಗೆ ಗೊತ್ತು. ಒಂದು ಸೂಚನೆ ಹೊರಡಬೇಕಾದರೆ ಗುಮಾಸ್ತರು ಟಿಪ್ಪಣಿ ಬರೆಯಬೇಕು, ಅದು ಅಧೀಕ್ಷಕರಿಂದ ಸಹಾಯಕ ಕುಲಸಚಿವರಿಗೆ, ಅಲ್ಲಿಂದ ಉಪ ಕುಲಸಚಿವರಿಗೆ, ಕೊನೆಗೆ ಕುಲಸಚಿವರ ಮೇಜಿಗೆ ಹೋಗಬೇಕು. ಸಹಿಯಾದ ಮೇಲೆ ಆವಕ-ಜಾವಕ ವಿಭಾಗದಲ್ಲಿ, ಅಂದರೆ ಒಳಬರುವ ಮತ್ತು ಹೊರಹೋಗುವ ಪತ್ರಗಳನ್ನು ದಾಖಲಿಸುವಲ್ಲಿ, ಸಂಖ್ಯೆ ಬೀಳಬೇಕು, ಆಮೇಲೆ ಅದರ ಪ್ರತಿಗಳನ್ನು ಸಿಪಾಯಿಯೊಬ್ಬ ಎಲ್ಲ ವಿಭಾಗಗಳಿಗೆ ಹೊತ್ತುಕೊಂಡು ಹೋಗಬೇಕು. ಮಹಾರಾಷ್ಟ್ರದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಕೇತರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವಾಗ ಆ ಸಿಪಾಯಿ ಎಲ್ಲಿದ್ದಾನೆ? ಇರುವ ಕೆಲವರು ಪರೀಕ್ಷಾ ವಿಭಾಗ ನೋಡಬೇಕೋ, ಫಲಕಗಳಿಗೆ ಅಂಟು ಹಚ್ಚಬೇಕೋ?

ಮೀರಾ ರೋಡ್ ವಕೀಲ:
ಸಿಬ್ಬಂದಿ ಇಲ್ಲವೆನ್ನುವುದು ಕಾನೂನಿನ ಮುಂದೆ ಉತ್ತರವಾಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಸಾರ್ವಜನಿಕ ಪ್ರಾಧಿಕಾರವು ಯಾರೂ ಕೇಳದೆಯೇ ತನ್ನ ಮಾಹಿತಿಯನ್ನು ಪ್ರಚಾರ ಮಾಡಬೇಕು. ಯಾವ ಮಾಧ್ಯಮಗಳ ಮೂಲಕ ಎಂದು ವಿವರಿಸುವಾಗ ಅದೇ ಕಲಮು ಸೂಚನಾ ಫಲಕವನ್ನೇ ಮೊದಲು ಹೆಸರಿಸುತ್ತದೆ, ಅಂತರಜಾಲದ ಹೆಸರು ಬರುವುದು ಪತ್ರಿಕೆ ಮತ್ತು ಸಾರ್ವಜನಿಕ ಘೋಷಣೆಗಳ ನಂತರ. ಕಾನೂನು ಮೊದಲ ಸ್ಥಾನ ಕೊಟ್ಟದ್ದನ್ನು ಒಂದು ಪರಿಪತ್ರದಿಂದ ಕಿತ್ತುಹಾಕುವ ಅಧಿಕಾರ ಯಾರಿಗಿದೆ?

ಹಿಂಜವಡಿ ತಂತ್ರಜ್ಞ:
ವಕೀಲರು ಅದೇ ಕಲಮಿನ 4ನೇ ಉಪಕಲಮನ್ನು ಪೂರ್ತಿ ಓದಿದ್ದರೆ ಒಳ್ಳೆಯದಿತ್ತು. ಖರ್ಚು, ಸ್ಥಳೀಯ ಭಾಷೆ ಮತ್ತು ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನು ಗಮನಿಸಿ ಪ್ರಚಾರ ಮಾಡಬೇಕು, ಸಾಧ್ಯವಾದಷ್ಟು ಮಟ್ಟಿಗೆ ಮಾಹಿತಿ ಎಲೆಕ್ಟ್ರಾನಿಕ್ ರೂಪದಲ್ಲಿ ಸುಲಭವಾಗಿ ಸಿಗಬೇಕು ಎಂದು ಅದು ಹೇಳುತ್ತದೆ. ಪಟ್ಟಿಯಲ್ಲಿ ಯಾವುದು ಮೊದಲು ಬಂತು ಎನ್ನುವುದರಿಂದ ಯಾವುದೂ ಕಡ್ಡಾಯವಾಗುವುದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿ ಮೊಬೈಲ್ ಇರುವ ಊರಿನಲ್ಲಿ ಪರಿಣಾಮಕಾರಿ ವಿಧಾನ ಯಾವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂಬರನಾಥ ವಿದ್ಯಾರ್ಥಿನಿ:
"ಕೈಯಲ್ಲಿ ಮೊಬೈಲ್" ಎಂದಿರಲ್ಲ ಸರ್, ಕಳೆದ ಮಳೆಗಾಲದಲ್ಲಿ ಆ ಮೊಬೈಲಿನಿಂದ ಏನಾಯಿತೆಂದು ಹೇಳುತ್ತೇನೆ. ನಮ್ಮ ಪರೀಕ್ಷೆ ಬೆಳಿಗ್ಗೆ ಹತ್ತೂವರೆಗೆ ಇತ್ತು. ಹಿಂದಿನ ದಿನ ಮಧ್ಯಾಹ್ನವೇ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದಿತ್ತು. ರಾತ್ರಿ ಮಲಗುವವರೆಗೆ ಜಾಲತಾಣ ನೋಡಿದೆ, ಬೆಳಿಗ್ಗೆ ಮನೆ ಬಿಡುವ ಮೊದಲು ಇನ್ನೊಮ್ಮೆ ನೋಡಿದೆ, ಏನೂ ಇರಲಿಲ್ಲ. ಹಳಿಯ ಮೇಲೆ ನೀರು ಬಂದದ್ದರಿಂದ ಗಾಡಿ ವಿದ್ಯಾವಿಹಾರದಲ್ಲಿ ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ಒದ್ದೆ ಹಾಲ್ ಟಿಕೆಟ್ ಹಿಡಿದು ನಿಂತಿದ್ದಾಗ, ಹತ್ತು ಗಂಟೆಯ ಹೊತ್ತಿಗೆ, ಪರೀಕ್ಷೆ ಮುಂದೂಡಿದ ಸೂಚನೆ ಕಾಣಿಸಿತು. ಓರೆಯಾಗಿ ಸ್ಕ್ಯಾನ್ ಮಾಡಿದ ಒಂದು ಹಾಳೆ, ಅರ್ಧ ಮೊಹರು, ಪೆನ್ನಿನಲ್ಲಿ ಬರೆದ ಜಾವಕ ಸಂಖ್ಯೆ, ಅದರ ಪಕ್ಕದಲ್ಲಿ ಹಿಂದಿನ ದಿನದ ತಾರೀಖು. ಹಿಂದಿನ ದಿನವೇ ನಿರ್ಧಾರವಾಗಿದ್ದರೆ ರಾತ್ರಿ ಏಕೆ ಹೇಳಲಿಲ್ಲ?

ನಿವೃತ್ತ ಅಧೀಕ್ಷಕ, ಪುಣೆ:
ತಂಗಿ, "ಹಿಂದಿನ ದಿನದ ತಾರೀಖು" ಎಂಬುದನ್ನು ನೀನು ಅಪರಾಧವೆಂಬಂತೆ ಬರೆದಿದ್ದೀಯ, ಅದು ಅಪರಾಧವಲ್ಲ. ಟಿಪ್ಪಣಿಗೆ ಮಂಜೂರಾತಿ ಸಿಕ್ಕ ದಿನದ ತಾರೀಖೇ ಪತ್ರದ ಮೇಲೆ ಬರುವುದು ಕಚೇರಿಯ ರೂಢಿ. ಸಂಜೆ ಸಹಿಯಾದ ಪತ್ರವನ್ನು ಜಾಲತಾಣಕ್ಕೆ ಏರಿಸುವ ಹುಡುಗ ಆರಕ್ಕೆ ಮನೆಗೆ ಹೋಗಿರುತ್ತಾನೆ. ಆ ಹುಡುಗನೂ ಮಳೆಯಲ್ಲೇ ಬೆಳಿಗ್ಗೆ ಬರಬೇಕು.

ಘಾಟ್ಕೋಪರ್ ಉಪನ್ಯಾಸಕಿ:
ರಾಯರೇ, "ಮನೆಗೆ ಹೋಗಿರುತ್ತಾನೆ" ಎಂಬ ಒಂದೇ ವಾಕ್ಯದಲ್ಲಿ ನೀವು ಈ ಹೊಸ ವ್ಯವಸ್ಥೆಯ ವಿರುದ್ಧ ಸಾಕ್ಷಿ ಹೇಳಿದ್ದೀರಿ. ಎಲ್ಲವೂ ಜಾಲತಾಣದಲ್ಲೇ ಎಂದಮೇಲೆ ಅದನ್ನು ನೋಡಿಕೊಳ್ಳುವವರು ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಹೋಗುವುದು ಹೇಗೆ ಸರಿ? ನಾನು ಇನ್ನೊಂದು ಕಾಲೇಜಿನಲ್ಲಿ ಸಿಎಚ್‌ಬಿ, ಅಂದರೆ ಗಂಟೆ ಲೆಕ್ಕದ ಉಪನ್ಯಾಸಕಿ. ಪರೀಕ್ಷೆ ಮುಂದೂಡಿದ ದಿನ ಮೇಲ್ವಿಚಾರಣೆಗೆ ಹೊರಟ ನಮಗೂ ದಾರಿಯಲ್ಲೇ ಸುದ್ದಿ ಗೊತ್ತಾಗುವುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಇಷ್ಟು ವರ್ಷಗಳ ನಂತರವೂ ಸೂಚನೆಗಾಗಿ ಒಬ್ಬ ಹುಡುಗ ಕಚೇರಿಗೆ ಬರುವುದನ್ನು ಕಾಯಬೇಕೇ?

ಹಿಂಜವಡಿ ತಂತ್ರಜ್ಞ:
2005ನ್ನು ಎಳೆದು ತರಬೇಡಿ ಮೇಡಂ. ಆ ದಿನದ ಮಳೆ ಸುರಿದದ್ದು ಮಧ್ಯಾಹ್ನದ ನಂತರ, ಬೆಳಿಗ್ಗೆ ಕೊಡುವ ಯಾವ ಸೂಚನೆಗೂ ಅದು ಉದಾಹರಣೆಯಾಗುವುದಿಲ್ಲ. ಉದಾಹರಣೆ ಬೇಕಾದರೆ 2024ರ ಜುಲೈ 8ನ್ನು ತೆಗೆದುಕೊಳ್ಳಿ. ಮಹಾನಗರಪಾಲಿಕೆಯೇ ಹೇಳಿದಂತೆ ರಾತ್ರಿ ಒಂದರಿಂದ ಬೆಳಿಗ್ಗೆ ಏಳರೊಳಗೆ ಕೆಲವು ಕಡೆ 300 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. ಅಂಥ ದಿನ ಬೆಳಗಿನ ಮೊದಲು ಯಾರು ತಾನೇ ನಿರ್ಧಾರ ತೆಗೆದುಕೊಳ್ಳಬಲ್ಲರು?

ಅಂಬರನಾಥ ವಿದ್ಯಾರ್ಥಿನಿ:
ನಾನು ಹೇಳಿದ್ದು ಆ ದಿನದ ಮಾತಲ್ಲ. ನಮ್ಮ ಪರೀಕ್ಷೆಯ ಹಿಂದಿನ ದಿನ ಎಚ್ಚರಿಕೆ ಇತ್ತು, ಪತ್ರದ ಮೇಲೆಯೂ ಹಿಂದಿನ ದಿನದ್ದೇ ತಾರೀಖಿತ್ತು. ಇವೆರಡಕ್ಕೂ ನೀವು ಉತ್ತರ ಕೊಟ್ಟಿಲ್ಲ.

ನಿವೃತ್ತ ಅಧೀಕ್ಷಕ, ಪುಣೆ:
"ಎಚ್ಚರಿಕೆ ಇತ್ತು" ಎಂದ ಮಾತ್ರಕ್ಕೆ ಪರೀಕ್ಷೆ ನಿಲ್ಲಿಸಲು ಬರುವುದಿಲ್ಲ. 24 ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಅದನ್ನು ಹವಾಮಾನ ಇಲಾಖೆ ಅತ್ಯಧಿಕ ಮಳೆಯೆಂದು ವರ್ಗೀಕರಿಸುತ್ತದೆ. ಎಚ್ಚರಿಕೆಯ ಬಣ್ಣ ಮುನ್ಸೂಚನೆಯೇ ಹೊರತು ಸುರಿದ ಮಳೆಯ ಅಳತೆಯಲ್ಲ. ಕೆಂಪು ಬಣ್ಣ ಕಂಡಾಗಲೆಲ್ಲ ಮುಂದೂಡುತ್ತ ಹೋದರೆ ಫಲಿತಾಂಶ ಯಾವಾಗ ಕೊಡುವುದು? 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ 30 ದಿನಗಳಲ್ಲಿ ಫಲಿತಾಂಶ ಕೊಡಲು ಯತ್ನಿಸಬೇಕು, ಹೇಗಿದ್ದರೂ 45 ದಿನ ಮೀರಬಾರದು. ಮುಂಬಯಿ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಫಲಿತಾಂಶ ತಡವಾದಾಗ ಅದೇ ಅಕ್ಟೋಬರಿನಲ್ಲಿ ರಾಜ್ಯಪಾಲರು ಕುಲಪತಿಗಳನ್ನೇ ಹುದ್ದೆಯಿಂದ ತೆಗೆದರು. ಆ ಭಯ ಎಲ್ಲ ಕಚೇರಿಗಳಲ್ಲೂ ಇದೆ.

ಮೀರಾ ರೋಡ್ ವಕೀಲ:
45 ದಿನಗಳನ್ನು ಎಣಿಸುವುದು ಪರೀಕ್ಷೆಯ ಕೊನೆಯ ದಿನದಿಂದ. ಒಂದು ಪತ್ರಿಕೆ ಮುಂದೆ ಹೋದರೆ ಆ ಕೊನೆಯ ದಿನವೂ ಮುಂದೆ ಹೋಗುತ್ತದೆ. ಆದ್ದರಿಂದ ಮಳೆಯ ದಿನ ಮುಂದೂಡಿದ್ದಕ್ಕೆ ಈ ಅವಧಿಯ ಭಯ ತೋರಿಸುವುದು ಓದುಗರನ್ನು ದಾರಿ ತಪ್ಪಿಸುವ ಮಾತು. ಇನ್ನು 2017ರಲ್ಲಿ ತಡವಾದದ್ದು ಮಳೆಯಿಂದಲ್ಲ. ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸುವ ವ್ಯವಸ್ಥೆಯನ್ನು ಸಾಕಷ್ಟು ಸಿದ್ಧತೆಯಿಲ್ಲದೆ ಒಮ್ಮೆಲೇ ಎಲ್ಲ ಕಡೆ ಜಾರಿಗೆ ತಂದದ್ದರಿಂದ ಅದು ತಡವಾಯಿತು. ನೀವು ಕೊಟ್ಟ ಉದಾಹರಣೆ ನಿಮಗೇ ಎದುರಾಗಿ ನಿಂತಿದೆ.

ನಿವೃತ್ತ ಅಧೀಕ್ಷಕ, ಪುಣೆ:
"ದಾರಿ ತಪ್ಪಿಸುವ" ಎಂಬ ಮಾತನ್ನು ವಕೀಲರು ಹಿಂದೆಗೆದುಕೊಳ್ಳಬೇಕು. ಜೀವಮಾನವಿಡೀ ಕಚೇರಿಯಲ್ಲಿ ಕೆಲಸ ಮಾಡಿದವನಿಗೆ ನ್ಯಾಯಾಲಯದ ಭಾಷೆಯಲ್ಲಿ ಸುಳ್ಳುಗಾರ ಎಂದು ಹೇಳುವುದು ಸಭ್ಯತೆಯಲ್ಲ. ದೀಪಾವಳಿಯ ಮುನ್ನಾದಿನವೂ ಹಾಲ್ ಟಿಕೆಟಿನ ತಿದ್ದುಪಡಿಗೆ ಕುಳಿತ ನಮ್ಮಂಥವರು ಇಲ್ಲದಿದ್ದರೆ ನಿಮ್ಮ ಮಕ್ಕಳು ಪರೀಕ್ಷೆಗೇ ಕೂರುತ್ತಿರಲಿಲ್ಲ.

ಮೀರಾ ರೋಡ್ ವಕೀಲ:
ಮಾತು ದಾರಿ ತಪ್ಪಿಸುತ್ತದೆ ಎಂದೆನೇ ಹೊರತು ನಿಮ್ಮನ್ನು ಸುಳ್ಳುಗಾರರೆಂದು ಕರೆದಿಲ್ಲ. ಹಿಂದೆಗೆದುಕೊಳ್ಳುವಂಥದ್ದೇನೂ ಅದರಲ್ಲಿಲ್ಲ. ಕೊನೆಯ ದಿನದ ಎಣಿಕೆಯ ಬಗ್ಗೆ ನೀವು ಏನೂ ಹೇಳಿಲ್ಲ.

ಡೊಂಬಿವಲಿ ಪಾಲಕ:
ದಯವಿಟ್ಟು ಪರಿಪತ್ರಕ್ಕೆ ಬನ್ನಿ. ಮಳೆಯ ದಿನದ ವಿಷಯ ಮುಖ್ಯವೇ, ಆದರೆ ಕೌಂಟರು ಮುಚ್ಚಿದ್ದರ ಬಗ್ಗೆ ಯಾರೂ ಒಂದು ಮಾತೂ ಬರೆದಿಲ್ಲ. ನನ್ನ ಮಗನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಮೊದಲು, ಆಧಾರ್‌ನಲ್ಲಿ ಊರಿನ ಹೆಸರು ಮೊದಲು. ಪೋರ್ಟಲ್ಲು "ಹೆಸರು ಹೊಂದಿಕೆಯಾಗುತ್ತಿಲ್ಲ" ಎಂದು ಅರ್ಜಿಯನ್ನು ತಿರಸ್ಕರಿಸುತ್ತದೆ. ಕರ್ನಾಟಕದಿಂದ ಬಂದ ಎಷ್ಟೋ ಕುಟುಂಬಗಳಲ್ಲಿ ಇದೇ ತೊಡಕು. ಮೊದಲು ಕೌಂಟರಿನಲ್ಲಿದ್ದ ಮಹಿಳೆ ಎರಡೂ ಕಾಗದ ನೋಡಿ, ಪ್ರಮಾಣಪತ್ರದ ಮೇಲೆ ಸಹಿ ಹಾಕಿಸಿಕೊಂಡು ಕೆಲಸ ಮುಗಿಸಿಕೊಡುತ್ತಿದ್ದರು. ಈಗ ಯಾರ ಮುಂದೆ ಹೋಗಿ ನಿಲ್ಲಬೇಕು?

ಹಿಂಜವಡಿ ತಂತ್ರಜ್ಞ:
"ಯಾರ ಮುಂದೆ ನಿಲ್ಲಬೇಕು" ಎಂಬ ಈ ಮನೋಭಾವವೇ ನಮ್ಮ ಕಚೇರಿಗಳನ್ನು ಕೆಡಿಸಿದೆ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ಪಾಸಾದ ವಿಷಯಗಳ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ 2021ರಲ್ಲೇ ಆರಂಭವಾಗಿದೆ. ಹೆಸರು ಎಲ್ಲ ಕಡೆ ಒಂದೇ ಆಗಿರಬೇಕೆನ್ನುವುದು ಶಿಸ್ತು. ಒಮ್ಮೆ ಗೆಜೆಟ್‌ನಲ್ಲಿ ಬದಲಾಯಿಸಿಕೊಂಡರೆ ಜೀವನಪೂರ್ತಿ ತೊಂದರೆ ಇರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಆ ವಿಶ್ವವಿದ್ಯಾಲಯವನ್ನು ನಾನು ಸಮರ್ಥಿಸುವುದಿಲ್ಲ. ಸ್ಕ್ಯಾನ್ ಮಾಡಿದ ಚಿತ್ರವನ್ನು ಸೂಚನೆಯೆಂದು ಹಾಕಿದರೆ ಹುಡುಕುವ ಯಂತ್ರಕ್ಕೆ ಅದರಲ್ಲಿ ಅಕ್ಷರಗಳು ಕಾಣುವುದಿಲ್ಲ, ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಬಳಸುವ ಓದುವ ತಂತ್ರಾಂಶಕ್ಕೂ ಅದು ಖಾಲಿ ಪುಟವೇ. ಅದು ಮಾಡಿದವರ ತಪ್ಪು, ಜಾಲತಾಣದ ತಪ್ಪಲ್ಲ.

ಘಾಟ್ಕೋಪರ್ ಉಪನ್ಯಾಸಕಿ:
"ಶಿಸ್ತು" ಎನ್ನುತ್ತೀರಿ. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು ಗೆಜೆಟ್‌ಗೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನ ಕಳೆದುಹೋಗಿರುತ್ತದೆ. ಆ ಹುಡುಗಿಗೆ ಬೇಕಾದದ್ದು ಎರಡು ಕಾಗದ ನೋಡಿ ಹೌದೆನ್ನುವ ಒಬ್ಬ ಮನುಷ್ಯ. ನನ್ನ ತರಗತಿಯಲ್ಲಿ ಅಂಥವರಿದ್ದಾರೆ, ಅವರ ಮುಖ ನೋಡಿ ಈ ಶಿಸ್ತಿನ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಿವೃತ್ತ ಅಧೀಕ್ಷಕ, ಪುಣೆ:
"ಹೌದೆನ್ನುವ ಒಬ್ಬ ಮನುಷ್ಯ" ಎಂಬುದರಿಂದಲೇ ಕೌಂಟರುಗಳಲ್ಲಿ ಪರಿಚಯ ಮತ್ತು ವಶೀಲಿ ಬೆಳೆದದ್ದು. ಯಾರಿಗೆ ಹೌದು, ಯಾರಿಗೆ ನಾಳೆ ಬಾ ಎನ್ನುವುದನ್ನು ಒಬ್ಬ ಗುಮಾಸ್ತನ ಮನಸ್ಸಿಗೆ ಬಿಡುವುದಕ್ಕಿಂತ ಪೋರ್ಟಲ್ಲು ಮೇಲು.

ಅಂಬರನಾಥ ವಿದ್ಯಾರ್ಥಿನಿ:
ಪೋರ್ಟಲ್ಲು ಮೇಲಾದರೆ ಅದರ ಮೇಲೆ ದೂರು ಕೊಡುವುದೆಲ್ಲಿ? ಅದನ್ನೂ ಪೋರ್ಟಲ್ಲಿನಲ್ಲೇ ಕೊಡಬೇಕೆಂದು ಪರಿಪತ್ರದ ಕೊನೆಯಲ್ಲಿದೆ. ಲಾಗಿನ್ ಆಗದವರು ಲಾಗಿನ್ ಆಗುತ್ತಿಲ್ಲವೆಂಬ ದೂರನ್ನು ಲಾಗಿನ್ ಆಗಿ ಕೊಡಬೇಕೇ?

ಮೀರಾ ರೋಡ್ ವಕೀಲ:
ಅಮ್ಮ, ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿಗಳ ದೂರಿಗಾಗಿಯೇ ಇರುವ ಲೋಕಪಾಲರ (ಓಂಬಡ್ಸ್‌ಪರ್ಸನ್) ಬಳಿ ಹೋಗಬಹುದು. ಬರವಣಿಗೆಯಲ್ಲಿ ಅರ್ಜಿ ಕೊಡು, ಆವಕ ವಿಭಾಗದ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೋ. ಪರೀಕ್ಷೆ ಮುಂದೂಡಿದ ಪತ್ರಕ್ಕೆ ಸಹಿಯಾದ ಸಮಯ ಮತ್ತು ಅದನ್ನು ಜಾಲತಾಣಕ್ಕೆ ಏರಿಸಿದ ಸಮಯ, ಈ ಎರಡನ್ನೂ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಬೇರೆಯಾಗಿ ಕೇಳು. 30 ದಿನಗಳಲ್ಲಿ ಉತ್ತರ ಬರಬೇಕು.

ನಿವೃತ್ತ ಅಧೀಕ್ಷಕ, ಪುಣೆ:
ವಕೀಲರು ಅವಧಿಯನ್ನು ಹೇಳದೆ ಬಿಟ್ಟಿದ್ದಾರೆ. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ತನ್ನ ವರದಿ ಕಳಿಸಬೇಕು, ರಜೆಗಳನ್ನು ಅದರಲ್ಲಿ ಎಣಿಸುವಂತಿಲ್ಲ. ಅರ್ಜಿಯನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟರೆ ಅದು ಅಲ್ಲೇ ಕಡತದಲ್ಲಿ ಕೂರುತ್ತದೆ, ಕುಲಸಚಿವರ ಹೆಸರಿಗೆ ಬರೆದು, ಸಮಿತಿಯ ಅಧ್ಯಕ್ಷರಿಗೂ ಪ್ರತಿ ಹಾಕು ತಂಗಿ. ತಾರೀಖಿನ ವಿಷಯದಲ್ಲಿ ನಾನು ಹೇಳಿದ್ದು ಮಾತ್ರ ಸರಿಯೇ ಇದೆ.

ಅಂಬರನಾಥ ವಿದ್ಯಾರ್ಥಿನಿ:
ತಾರೀಖಿನ ಪ್ರಶ್ನೆಯನ್ನೇ ಅರ್ಜಿಯಲ್ಲಿ ಮೊದಲು ಬರೆಯುತ್ತೇನೆ ಸರ್. ಸೋಮವಾರ ಆವಕ ವಿಭಾಗಕ್ಕೆ ಹೋಗುತ್ತೇನೆ, ಅದನ್ನೂ ಮುಚ್ಚಿಲ್ಲವಾದರೆ.