ಕರ್ಕ್ಯುಮಿನ್ ಕ್ಯಾಪ್ಸೂಲ್ ಲಿವರ್ ಕ್ಯಾನ್ಸರ್‌ಗೆ ಕೊಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ ಲಿವರ್ ಕ್ಯಾನ್ಸರ್, ಜೊತೆಗೆ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ). ಕ್ಯಾನ್ಸರ್‌ಗೆ ಸೊರಾಫೆನಿಬ್ ಮಾತ್ರೆ ನಡೆಯುತ್ತಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ತಾವಾಗಿಯೇ ಸಾಯುವಂತೆ ಮಾಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಲೇಖನ ಬಂದಿದೆ. ನಿಜಾನಾ? ಕ್ಯಾಪ್ಸೂಲ್ ತಂದು ಕೊಡೋಣ ಅಂತಿದ್ದೇವೆ.

ಉತ್ತರ: ದಯವಿಟ್ಟು ಕೊಡಬೇಡಿ. ನಾನು ಔಷಧಶಾಸ್ತ್ರ ಕಲಿಸುವವಳು, ಅವರನ್ನು ನೋಡುತ್ತಿರುವ ಡಾಕ್ಟರ್ ಅಲ್ಲ. ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಲೇಖನ ಪೂರ್ತಿ ಸುಳ್ಳೇನಲ್ಲ. ನಮ್ಮ ಪ್ರತಿ ಜೀವಕೋಶದೊಳಗೂ ಸಾಯುವ ಏರ್ಪಾಡು ಮೊದಲೇ ಇರುತ್ತದೆ. ಅದಕ್ಕೆ ಅಪೊಪ್ಟೋಸಿಸ್ ಅಂತ 1972ರಲ್ಲಿ ಹೆಸರಿಟ್ಟವರು ಕೆರ್, ವೈಲಿ ಮತ್ತು ಕರಿ. ಕೆರ್ ಅದನ್ನು ಮೊದಲು ಗಮನಿಸಿದ್ದು ಇಲಿಯ ಲಿವರ್‌ನಲ್ಲೇ. ಕ್ಯಾನ್ಸರ್ ಕೋಶ ಬಿಸಿಎಲ್-2ನಂಥ ಪ್ರೋಟೀನುಗಳನ್ನು ಜಾಸ್ತಿ ಮಾಡಿಕೊಂಡು ಈ ಸಾವನ್ನು ತಡೆದಿಟ್ಟುಕೊಂಡಿರುತ್ತದೆ. ಲ್ಯಾಬಿನಲ್ಲಿ ಕರ್ಕ್ಯುಮಿನ್ ಹಾಕಿದರೆ ಬಿಸಿಎಲ್-2 ಇಳಿಯುತ್ತದೆ, ಅದರ ವಿರೋಧಿ ಬ್ಯಾಕ್ಸ್ ಏರುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪದರದಲ್ಲಿ ತೂತು ಬಿದ್ದು ಸೈಟೊಕ್ರೋಮ್-ಸಿ ಅನ್ನುವ ಪ್ರೋಟೀನು ಹೊರಗೆ ಸೋರುತ್ತದೆ. ಆಗ ಪ್ರೋಟೀನು ಕತ್ತರಿಸುವ ಕಿಣ್ವ ಕ್ಯಾಸ್ಪೇಸ್-9 ಏಳುತ್ತದೆ, ಅದು ಕ್ಯಾಸ್ಪೇಸ್-3 ಅನ್ನು ಎಬ್ಬಿಸುತ್ತದೆ. ಮುಂದೆ ಪ್ರೋಟೀನು, ಡಿಎನ್‌ಎ ಎಲ್ಲ ತುಂಡು ತುಂಡು. ಕೋಶ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ, ಪಕ್ಕದ ಕೋಶಗಳು ನುಂಗಿಬಿಡುತ್ತವೆ. ಈರುಳ್ಳಿಯ ಕ್ವೆರ್ಸೆಟಿನ್, ಮರದರಿಶಿನದ ಬರ್ಬೆರಿನ್ ಬಗ್ಗೆಯೂ ಇಂಥದ್ದೇ ವರದಿಗಳಿವೆ.

ತೊಂದರೆ ಇರುವುದು ಪ್ರಮಾಣದಲ್ಲಿ. ಲ್ಯಾಬಿನ ತಟ್ಟೆಯಲ್ಲಿ ಕೋಶ ಸಾಯಲು ಸಾಮಾನ್ಯವಾಗಿ ಹತ್ತಾರು ಮೈಕ್ರೊಮೋಲಾರ್ (ದ್ರವದಲ್ಲಿ ಔಷಧ ಎಷ್ಟು ಸಾಂದ್ರವಾಗಿದೆ ಅನ್ನುವ ಅಳತೆ) ಕರ್ಕ್ಯುಮಿನ್ ಬೇಕು. ಗ್ರಾಂಗಟ್ಟಲೆ ನುಂಗಿದವರ ರಕ್ತದಲ್ಲೂ ಹೆಚ್ಚಿನ ಅಧ್ಯಯನಗಳಲ್ಲಿ ಸಿಕ್ಕಿದ್ದು 1 ಮೈಕ್ರೊಮೋಲಾರ್‌ಗಿಂತ ಎಷ್ಟೋ ಕಡಿಮೆ. ಕರುಳು ಮತ್ತು ಲಿವರ್ ಅದನ್ನು ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ.

ಮರುಪ್ರಶ್ನೆ: ಕರಿಮೆಣಸು ಸೇರಿಸಿದರೆ ಮೈಗೆ ಹತ್ತುತ್ತದೆ ಅಂತಾರಲ್ಲ ಮೇಡಂ?

ಉತ್ತರ: ಹೌದು, ಆ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ 1998ರ ಅಧ್ಯಯನ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ಸಿಗುವ ಪಾಲು ಸುಮಾರು 20 ಪಟ್ಟು ಏರಿತು. ಆದರೆ ಸೊನ್ನೆಯ ಹತ್ತಿರ ಇದ್ದದ್ದು 20 ಪಟ್ಟಾದರೂ ಎಷ್ಟಾದೀತು?

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಪೈಪರಿನ್ ಈ ಕೆಲಸ ಮಾಡುವುದು ಲಿವರ್‌ನ ಕಿಣ್ವಗಳನ್ನು ತಡೆದು. ಅವುಗಳಲ್ಲಿ ಒಂದಾದ ಸಿವೈಪಿ3ಎ4 ಸೊರಾಫೆನಿಬ್ ಅನ್ನೂ ಒಡೆಯುವ ಕಿಣ್ವ. ಅದನ್ನು ತಡೆದರೆ ರಕ್ತದಲ್ಲಿ ಆ ಮಾತ್ರೆಯ ಪ್ರಮಾಣ ಏರುಪೇರಾಗಬಹುದು. ಸಿರೋಸಿಸ್ ಇರುವವರ ಮೇಲೆ ಈ ಪ್ರಯೋಗ ಸುಮ್ನೆ ಯಾಕೆ? ಅಮೆರಿಕದಲ್ಲಿ ಔಷಧಗಳಿಂದಾಗುವ ಲಿವರ್ ಹಾನಿಯ ಮೇಲೆ ಕಣ್ಣಿಡುವ ಸಂಶೋಧಕರ ಜಾಲವೊಂದು ಅರಿಶಿನದ ಪೂರಕಗಳಿಂದ ಲಿವರ್ ಕೆಟ್ಟ 10 ಜನರ ವಿವರ ಪ್ರಕಟಿಸಿದೆ. ಒಬ್ಬರು ತೀರಿಕೊಂಡರು. ಪರೀಕ್ಷಿಸಿದ 7 ಉತ್ಪನ್ನಗಳ ಪೈಕಿ 3ರಲ್ಲಿ ಪೈಪರಿನ್ ಇತ್ತು.

ಇನ್ನೊಬ್ಬ ಸದಸ್ಯರು: ಹಾಗಾದ್ರೆ ಗಿಡಮೂಲಿಕೆ ಅಂದ್ರೆ ಎಲ್ಲಾ ಬುರುಡೆನಾ?

ಉತ್ತರ: ಅಯ್ಯೋ, ಖಂಡಿತ ಅಲ್ಲ ಸರ್. ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ಲಿವರ್ ಕ್ಯಾನ್ಸರ್ ಆದ ಹೆಪಟೊಬ್ಲಾಸ್ಟೊಮಾಗೆ ಬೇರೆ ಔಷಧಗಳ ಜೊತೆ ಬಳಕೆಯಲ್ಲಿದೆ. ಕೋಶ ಎರಡಾಗುವ ಹೊತ್ತಿಗೆ ಅದನ್ನು ಅಲ್ಲೇ ಸಿಕ್ಕಿಹಾಕಿಸುತ್ತದೆ. ಬಿಡಿಸಿಕೊಳ್ಳಲಾಗದ ಕೋಶ ಅಪೊಪ್ಟೋಸಿಸ್‌ಗೆ ಬೀಳುತ್ತದೆ. ಹಾಗಂತ ಅದರ ಎಲೆ ಅಗಿದರೆ ಆಗದು. ಶುದ್ಧ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೇ ಕೊಡುತ್ತಾರೆ. ಅಳತೆ ತಪ್ಪಿದರೆ ಅದೂ ವಿಷವೇ.

ಇದಕ್ಕೆ ಸಂಬಂಧಿಸಿದ ಒಂದು ತಮಾಷೆ ಇದೆ. ಇಂಥ ಲೇಖನಗಳಲ್ಲಿ ಪದೇ ಪದೇ ಬರುವ, ಲ್ಯಾಬಿನಲ್ಲಿ ಬೆಳೆಸಿ ಪ್ರಯೋಗಕ್ಕೆ ಬಳಸುವ ಹೆಪ್-ಜಿ2 ಕೋಶಗಳು ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಗೆಡ್ಡೆಯಿಂದ ಬಂದವು. ಅದು ದೊಡ್ಡವರಿಗೆ ಬರುವ ಲಿವರ್ ಕ್ಯಾನ್ಸರ್ ಅಲ್ಲ, ಹೆಪಟೊಬ್ಲಾಸ್ಟೊಮಾ ಅಂತ ಆಮೇಲೆ ಗೊತ್ತಾಯಿತು. ನಿಮ್ಮ ಚಿಕ್ಕಪ್ಪನ ಕಾಯಿಲೆಗೆ ಅದು ಎಷ್ಟು ಹತ್ತಿರ ಅಂತ ನೀವೇ ಯೋಚಿಸಿ.

ಮೊದಲ ಪ್ರಶ್ನೆ ಕೇಳಿದವರು: ಸಾರಿಗೆ ಹಾಕುವ ಅರಿಶಿನ? ಅಮೃತಬಳ್ಳಿ ಕಷಾಯ? ಮನೆಯಲ್ಲಿ ಎರಡೂ ಇದೆ.

ಉತ್ತರ: ಸಾರು, ಪಲ್ಯದ ಅರಿಶಿನಕ್ಕೆ ಹೆದರಬೇಡಿ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು ನೂರಕ್ಕೆ ಮೂರು ಪಾಲು. ಕಷಾಯ ಮಾತ್ರ ಇವತ್ತೇ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಿಜ. ಆದರೂ ಸಿರೋಸಿಸ್ ಇರುವವರ ವಿಷಯದಲ್ಲಿ ನಾನು ವೈದ್ಯರ ಕಡೆಗೇ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಡಬ್ಬಿ, ಚೂರ್ಣ, ಟಾನಿಕ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅಷ್ಟರೊಳಗೆ ಕಣ್ಣು ಹಳದಿಯಾದರೆ ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಆ ದಿನಕ್ಕೆ ಕಾಯಬೇಡಿ, ಕೂಡಲೇ ಕರೆದುಕೊಂಡು ಹೋಗಿ.